ಶ್ರೀಶೈಲದ ದಾರಿಯ ಕಲ್ಲುಗಳು ಸಾವಿನ ಕಾರಣವನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಮಲ್ಲಯ್ಯನ ಕಂಬಿಯೊಂದಿಗೆ (ಮಲ್ಲಿಕಾರ್ಜುನನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಪೂಜೆಯ ಕೋಲು) ಶ್ರೀಶೈಲಕ್ಕೆ ನಡೆದು ಹೋಗುವವರಲ್ಲಿ ನಾನೂ ಒಬ್ಬ. ಈ ಯಾತ್ರೆಯಲ್ಲೇ ತೀರಿಕೊಂಡವರ ನೆನಪಿಗೆ ಮನೆಯವರು ರಸ್ತೆಯ ಬದಿಯಲ್ಲಿ ನೆಟ್ಟ ಕಲ್ಲುಗಳ ಬಗ್ಗೆ ಈ ಪತ್ರ.

ಹೋದ ಸಲ ನಸುಕಿನಲ್ಲಿ ಅಂಥ ಒಂದು ಕಲ್ಲಿನ ಮುಂದೆ ನಮ್ಮ ತಂಡ ನಿಂತಿತ್ತು. ಮೊಣಕಾಲೆತ್ತರದ ಕಲ್ಲಿಗೆ ಸುಣ್ಣ ಬಳಿದು ಪೇಂಟಿನಲ್ಲಿ ಬರೆಸಿದ್ದರು; ಹೆಸರು ಅರ್ಧ ಅಳಿಸಿತ್ತು, ಊರಿನ ಹೆಸರು ಉಳಿದಿತ್ತು, ಕೆಳಗೆ ‘ಪಾದಯಾತ್ರೆಯಲ್ಲಿ ಲಿಂಗೈಕ್ಯ’ ಎಂದಷ್ಟೇ ಇತ್ತು. ಜೊತೆಗಿದ್ದ ಹಿರಿಯರೊಬ್ಬರು ಅದಕ್ಕೆ ವಿಭೂತಿ ಹಚ್ಚಿ, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಬುಡಕ್ಕೆ ಸುರಿದು, ‘ಬಿಸಲಿಗೆ ಹೋದನೋ, ಗಾಡಿ ಬಡದು ಹೋದನೋ’ ಎಂದರು. ಹತ್ತು ಹೆಜ್ಜೆ ಮುಂದೆ ರಸ್ತೆ ಹೊರಳುತ್ತದೆ. ಎದುರಿನ ಲಾರಿಯ ಬೆಳಕು ತಿರುವು ದಾಟುವ ತನಕ ಕಾಣುವುದಿಲ್ಲ. ನನ್ನ ಅನುಮಾನ ಗಾಡಿಯ ಮೇಲೆಯೇ.

ಸತ್ತವರಿಗೆ ಕಲ್ಲು ನಿಲ್ಲಿಸುವುದು ಕನ್ನಡನಾಡಿಗೆ ಹೊಸತಲ್ಲ. ಆದರೆ ನಮ್ಮ ವೀರಗಲ್ಲುಗಳು ದನಗಳಿಗಾಗಿ ನಡೆದ ತುರುಗಾಳಗದಲ್ಲೋ ಹುಲಿಯ ಬಾಯಲ್ಲೋ ಎಂದು ಸಾವಿನ ಬಗೆಯನ್ನೂ ಹೇಳುತ್ತವೆ. ಕ್ರಿ.ಶ. 949ರ ಸುಮಾರಿನ ಆತಕೂರಿನ ಶಾಸನದಿಂದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತದ್ದು ನಮಗಿಂದೂ ಗೊತ್ತು. ಮೊನ್ನೆ ಮೊನ್ನೆ ಸತ್ತ ಯಾತ್ರಿಕನ ವಿಷಯದಲ್ಲಿ ಅಷ್ಟೂ ತಿಳಿಯದು. ನಸುಕಿನ ನಾಲ್ಕು ಗಂಟೆಗೆ, ಈ ತಿರುವಿನಲ್ಲಿ, ಹಿಂದಿನಿಂದ ಬಂದ ವಾಹನ ಬಡಿದು ಎಂದು ಬರೆದಿದ್ದರೆ, ಓದಿದವನು ರಸ್ತೆಯ ಬಲಬದಿಗೆ ಸರಿದು, ಬರುವ ವಾಹನಕ್ಕೆ ಎದುರಾಗಿ ನಡೆದಾನು.

ದಿನ, ಹೊತ್ತು, ಸ್ಥಳ ಬೇಕಾಗುವುದು ಇದಕ್ಕಷ್ಟೇ ಅಲ್ಲ. ಗುದ್ದಿ ಓಡಿಹೋದ ವಾಹನದಿಂದ ಸತ್ತವರ ಕುಟುಂಬಕ್ಕೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ 2 ಲಕ್ಷ ರೂಪಾಯಿ ಪರಿಹಾರವಿದೆ. ಅರ್ಜಿಯನ್ನು ಮಾತ್ರ ಅಪಘಾತ ನಡೆದ ಜಾಗದ ಕಂದಾಯ ಅಧಿಕಾರಿಗೇ ಕೊಡಬೇಕು. ಗಡಿಯಾಚೆ ಸತ್ತವನ ಮನೆಯವರು ತೆಲುಗು ಬಾರದೆ, ಯಾವ ತಾಲ್ಲೂಕು ಎಂದೂ ತಿಳಿಯದೆ ಕೈಚೆಲ್ಲುವುದನ್ನು ನಮ್ಮೂರಲ್ಲೇ ಕಂಡಿದ್ದೇನೆ.

ಹಾಗೆಂದು ರಸ್ತೆಯ ಅಂಚಿನಲ್ಲೇ ಇನ್ನಷ್ಟು ಕಲ್ಲು ನೆಡಿ ಎಂದು ನಾನು ಹೇಳುವುದಿಲ್ಲ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ, ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಆದೇಶಿಸಿದೆ. ರಸ್ತೆ ಅಗಲಿಸುವಾಗ ಮೊದಲು ಜೆಸಿಬಿಗೆ ಸಿಗುವುದೂ ಇವೇ. ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕ ಮೇಲಂತೂ ಅದು ಹುಲಿಗಳಿಗೆ ಮೀಸಲಾದ ಜಾಗ, ಭೀಮನಕೊಳ್ಳದ ಏರಿನಲ್ಲಿ ಉಸಿರು ನಿಂತವರಿಗೂ ಅಲ್ಲಿ ಹೊಸ ಕಲ್ಲು ಬೇಡ. ದಾರಿಯುದ್ದಕ್ಕೂ ರೊಟ್ಟಿ, ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕುವ ದಾಸೋಹದ ಸ್ಥಳಗಳಿವೆ. ಜಾಗದವರು ಒಪ್ಪಿದರೆ, ಆ ಭಾಗದಲ್ಲಿ ತೀರಿಕೊಂಡವರ ಹೆಸರು, ಊರು, ದಿನ, ಹೊತ್ತು, ಕಾರಣಗಳನ್ನು ಅಲ್ಲಿಯ ಒಂದೇ ಕಲ್ಲಿನಲ್ಲಿ ಕೆತ್ತಿಸಬಹುದು. ಪೇಂಟು ಬೇಡ, ಎರಡು ಮಳೆಗಾಲಕ್ಕೆ ಹೋಗುತ್ತದೆ.

ನಮ್ಮ ತಂಡವು ಆ ಅರ್ಧ ಹೆಸರಿನ ಕಲ್ಲಿನ ಮೇಲಿದ್ದ ಊರಿಗೆ ಮುಂದಿನ ಯುಗಾದಿಯೊಳಗೆ ಹೋಗಿ ವಿಚಾರಿಸುವುದೆಂದು ತೀರ್ಮಾನಿಸಿದೆ.

– ಒಬ್ಬ ಪಾದಯಾತ್ರಿ, ಬಾಗಲಕೋಟೆ ಜಿಲ್ಲೆ