ಮಕ್ಕಳ ಓದಿನ ಮಟ್ಟ ಪುಸ್ತಕದ ಬೆನ್ನ ಮೇಲೇಕೆ?

ಮಾನ್ಯ ಸಂಪಾದಕರೇ,

ಏಳನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಬರೆಸಿಕೊಳ್ಳಲು ನನ್ನ ಮೇಜಿನ ಮುಂದೆ ಸಾಲಿನಲ್ಲಿ ನಿಂತಿದ್ದಳು. ಪುಸ್ತಕವನ್ನು ಎದೆಗೆ ಅವುಚಿಕೊಂಡು ಅದರ ಬೆನ್ನಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದ್ದಳು. ‘ಕೈ ತೆಗೆಯಮ್ಮಾ, ನಂಬರು ಬರೆದುಕೊಳ್ಳಬೇಕು’ ಎಂದೆ. ತೆಗೆಯಲಿಲ್ಲ. ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಪುಸ್ತಕವನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಅವಳ ಬೆರಳಿನ ಅಡಿಯಲ್ಲಿದ್ದದ್ದು ಒಂದು ಹಳದಿ ಚೀಟಿ. ನಮ್ಮಲ್ಲಿ ಹಳದಿ ಎಂದರೆ ಮೂರನೇ ತರಗತಿಯ ಓದಿನ ಮಟ್ಟ. ಆ ಚೀಟಿಯನ್ನು ಅಂಟಿಸಿದವಳು ನಾನೇ.

16 ವರ್ಷಗಳಿಂದ ಶಾಲಾ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ಆಡಳಿತದವರ ಸೂಚನೆಯಂತೆ ಎಲ್ಲ ಪುಸ್ತಕಗಳನ್ನು ಐದು ಬಣ್ಣಗಳಾಗಿ ವಿಂಗಡಿಸಿದೆವು. ವರ್ಷಕ್ಕೆ ಎರಡು ಸಲ ಮಕ್ಕಳಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ, ತಪ್ಪುಗಳನ್ನು ಎಣಿಸಿ, ಪ್ರತಿಯೊಬ್ಬರಿಗೂ ಒಂದು ಬಣ್ಣ ಕೊಡಲಾಯಿತು. ತನ್ನ ಬಣ್ಣಕ್ಕಿಂತ ಮೇಲಿನ ಪುಸ್ತಕವನ್ನು ಯಾವ ಮಗುವೂ ಒಯ್ಯುವಂತಿಲ್ಲ. ಈ ಕೊನೆಯ ನಿಯಮದ ಬಗ್ಗೆಯೇ ನನಗೆ ಹೇಳುವುದಿದೆ.

ಓದಿನ ಮಟ್ಟ ಎಂಬುದೇ ಬೇಡವೆಂದು ನಾನು ಹೇಳುತ್ತಿಲ್ಲ. ಒಬ್ಬ ಹುಡುಗ ವಾರಕ್ಕೊಂದರಂತೆ ದಪ್ಪ ಪುಸ್ತಕ ಒಯ್ದು ಮರುದಿನವೇ ತಂದಿಡುತ್ತಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರೆ ಒಂದೇ ಪುಟದಲ್ಲಿ ಹದಿನೈದು ಕಡೆ ತಡವರಿಸಿದ. ನೂರು ಪದಗಳಲ್ಲಿ 99 ಗೊತ್ತಿದ್ದರೆ ಮಗು ತಾನಾಗಿಯೇ ಓದಿಕೊಳ್ಳುತ್ತದೆ, 95ರಷ್ಟಾದರೆ ಶಿಕ್ಷಕರ ನೆರವು ಬೇಕು, 90ಕ್ಕಿಂತ ಕಡಿಮೆಯಾದರೆ ಹತಾಶೆಯೇ ಗತಿ ಎಂದು ಅಮೆರಿಕದ ಶಿಕ್ಷಣತಜ್ಞ ಎಮ್ಮೆಟ್ ಬೆಟ್ಸ್ 1946ರಲ್ಲೇ ಲೆಕ್ಕ ಹಾಕಿದ್ದರು. ಈ ಹುಡುಗನ ಪಾಡು ಹತಾಶೆಯದ್ದೇ ಆಗಿತ್ತು. ಅವನಿಗೆ ಇಷ್ಟವಾದ ಬಾಹ್ಯಾಕಾಶದ ವಿಷಯದಲ್ಲೇ ದೊಡ್ಡ ಅಕ್ಷರದ, ಚಿಕ್ಕ ವಾಕ್ಯಗಳ ಪುಸ್ತಕ ಹುಡುಕಿ ಕೊಟ್ಟೆ. ಮೂರು ದಿನ ಇಟ್ಟುಕೊಂಡ. ಆಮೇಲೆ ತಾನೇ ಬಂದು ಇನ್ನೊಂದು ಕೇಳಿದ. ಮಟ್ಟದ ಅರಿವಿಲ್ಲದಿದ್ದರೆ ನನಗೆ ಈ ಕೆಲಸ ಆಗುತ್ತಿರಲಿಲ್ಲ.

ಆದರೆ ಪುಸ್ತಕದ ಮಟ್ಟ ಹೇಳುವ ಅಂಕಿ ಅಳೆಯುವುದಾದರೂ ಏನನ್ನು? ಬರಹ ಓದಲು ಎಷ್ಟು ಸುಲಭವೆಂದು ಅಳೆಯಲು ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಹೆಸರಾಂತ ಸೂತ್ರ ನೋಡುವುದು ಎರಡನ್ನೇ: ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ. ಇಂದು ಹೆಚ್ಚು ಬಳಕೆಯಲ್ಲಿರುವ ಲೆಕ್ಸೈಲ್ ಎಂಬ ಅಳತೆ ಕೂಡ ಮುಖ್ಯವಾಗಿ ವಾಕ್ಯದ ಉದ್ದವನ್ನೂ ಪದಗಳು ಎಷ್ಟು ಬಳಕೆಯಲ್ಲಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಾವು, ಹಿಂಸೆಗಳ ಕಥೆಯೂ ಚಿಕ್ಕ ವಾಕ್ಯಗಳಲ್ಲಿದ್ದರೆ ಇವುಗಳ ಕಣ್ಣಿಗೆ ‘ಸುಲಭ’ವೇ. ಇಂಗ್ಲಿಷಿಗೆಂದು ಮಾಡಿದ ಅಳತೆಯನ್ನು ಕನ್ನಡಕ್ಕೆ ತಂದರಂತೂ ಲೆಕ್ಕವೇ ತಲೆಕೆಳಗಾಗುತ್ತದೆ. ‘ಹೋಗಬೇಕಾಗಿತ್ತಂತೆ’ ಏಳಕ್ಷರದ ಪದ. ಕಥೆ ಕೇಳಿ ಬೆಳೆದ ಎರಡನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ‘ಋಣ’ ಎರಡೇ ಅಕ್ಷರ. ಅದನ್ನು ಮಗುವಿಗೆ ಬಿಡಿಸಿ ಹೇಳಿ ನೋಡಿ. ನಮ್ಮ ಮಕ್ಕಳು ಎಡವುವುದು ಒತ್ತಕ್ಷರಗಳಲ್ಲಿ, ಸಂಧಿಯಾಗಿ ಒಂದಕ್ಕೊಂದು ಬೆಸೆದುಕೊಂಡ ಪದಗಳಲ್ಲಿ. ಯಾವ ಬಣ್ಣದ ಚೀಟಿಯೂ ಇದನ್ನು ಹೇಳುವುದಿಲ್ಲ.

ಮಗುವಿಗೆ ಆ ವಿಷಯ ಮೊದಲೇ ಎಷ್ಟು ಗೊತ್ತಿದೆ ಎಂಬುದೂ ಚೀಟಿಯಲ್ಲಿರುವುದಿಲ್ಲ. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಓದಲು ಕೊಟ್ಟಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟದ ಗಂಧಗಾಳಿಯಿಲ್ಲದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಮೇಜಿನ ಹಿಂದೆ ಕುಳಿತು ಇದನ್ನು ನಾನು ವರ್ಷವಿಡೀ ಕಾಣುತ್ತೇನೆ. ಹಾವುಗಳ ಹುಚ್ಚು ಹಿಡಿದ ಹುಡುಗ ಪಾಠದ ಪುಟದಲ್ಲಿ ಮುಗ್ಗರಿಸುತ್ತಾನೆ. ಹಾವಿನ ಪುಸ್ತಕದಲ್ಲಿ ಪೊರೆ ಕಳಚುವ ಭಾಗ ಬಂದರೆ ನಿಲ್ಲದೆ ಓದುತ್ತಾನೆ.

ಎ ಅಕ್ಷರದಿಂದ ಝಡ್‌ವರೆಗೆ ಪುಸ್ತಕಗಳಿಗೆ ಮಟ್ಟ ಗೊತ್ತುಮಾಡಿ ಜಗತ್ತಿನಾದ್ಯಂತ ಹೆಸರಾದ ಐರೀನ್ ಫೌಂಟಸ್ ಮತ್ತು ಗೇ ಸು ಪಿನ್ನೆಲ್ ಅವರೇ, ಮಟ್ಟ ಶಿಕ್ಷಕರ ಸಾಧನ, ಮಗುವಿಗೆ ಹಚ್ಚುವ ಹಣೆಪಟ್ಟಿಯಲ್ಲ ಎಂದು ಹೇಳಿದ್ದಾರೆ. ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘವೂ ಪುಸ್ತಕಗಳ ಮೇಲೆ ಮಟ್ಟ ಬರೆಯುವುದನ್ನು ವಿರೋಧಿಸಿದೆ. ಮಗುವಿನ ಓದಿನ ಸಾಮರ್ಥ್ಯ ಪಕ್ಕದವರಿಗೆ ತಿಳಿಯಬಾರದು ಎಂಬುದು ಅದು ಕೊಡುವ ಕಾರಣಗಳಲ್ಲಿ ಒಂದು. ಅಂಕಪಟ್ಟಿಯನ್ನು ನಾವು ಮಗುವಿನ ಬೆನ್ನಿಗೆ ಅಂಟಿಸಿ ಕಳಿಸುವುದಿಲ್ಲವಲ್ಲ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆಂದು ಕೊಟ್ಟ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿಯಾಗಿ ಅದನ್ನು ಬಾಯಿಪಾಠ ಮಾಡಿದ್ದ ನಾನೇ ಆ ಹುಡುಗಿಯ ಮುಂದೆ ಚೀಟಿ ಹಿಡಿದು ಕುಳಿತಿದ್ದೆನೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಶಾಲೆಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮಟ್ಟದ ವಿವರ ಗ್ರಂಥಪಾಲಕರ ರಿಜಿಸ್ಟರಿನಲ್ಲಿರಲಿ, ಶಿಕ್ಷಕರ ಕೈಯಲ್ಲಿರಲಿ. ಮಗುವಿಗೆ ಒಂದರ ಬದಲು ಎರಡು ಪುಸ್ತಕ ಕೊಡಿ: ಒಂದು ಸಲೀಸಾಗಿ ಓದುವಂಥದ್ದು, ಇನ್ನೊಂದು ಅದು ಆಸೆಪಟ್ಟದ್ದು. ಯಾವುದು ಕಷ್ಟವೆಂದು ಮಗುವೇ ಕಂಡುಕೊಳ್ಳಲಿ. ಒಂದು ಪುಟ ತೆರೆದು, ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚುವುದನ್ನು ಕಲಿಸಿದರೆ ಸಾಕು. ಐದೂ ಮಡಚಿದವು ಎಂದರೆ ಮನೆಯಲ್ಲಿ ಯಾರಾದರೂ ಜೊತೆಗೆ ಕೂರಬೇಕೆಂದು ಅದಕ್ಕೇ ತಿಳಿಯುತ್ತದೆ. ಆದರೂ ಬೇಕೆಂದರೆ ಒಯ್ಯಲಿ ಬಿಡಿ.

ನಮ್ಮ ಆಡಳಿತದವರಿಗೂ ಇದನ್ನೇ ಬರೆದು ಕೊಟ್ಟಿದ್ದೇನೆ; ಉತ್ತರಕ್ಕಾಗಿ ಕಾಯುತ್ತಿದ್ದೇನೆ. ಸದ್ಯಕ್ಕೆ ಆ ಹುಡುಗಿ ಬರುವ ದಿನ ಪುಸ್ತಕಗಳ ಬೆನ್ನು ಗೋಡೆಯ ಕಡೆಗಿರುವಂತೆ ಜೋಡಿಸಿಡುತ್ತೇನೆ. ಹುಡುಕಲು ನನಗೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

– ಒಬ್ಬ ಶಾಲಾ ಗ್ರಂಥಪಾಲಕಿ