ಸೂಜಿಮದ್ದಿನ ಹೆಸರು ಚೀಟಿಯಲ್ಲಿ ಬರೆದಿರಬೇಕು

ಸಂಪಾದಕರಿಗೆ,

ಮಾನ್ಯರೇ,

ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಮಾರುವ ಅಂಗಡಿಗಳನ್ನು ಪತ್ತೆಹಚ್ಚಲು ಕೇರಳ ಸರಕಾರ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಆರಂಭಿಸಿದ ಬಳಿಕ, ನಮ್ಮ ಕಾಸರಗೋಡು, ಕುಂಬಳೆ, ಬದಿಯಡ್ಕ ಪೇಟೆಗಳ ಮೆಡಿಕಲ್ ಶಾಪಿನವರು ಜ್ವರವೆಂದು ಹೇಳಿದ ಮಾತ್ರಕ್ಕೆ ಮಾತ್ರೆ ತೆಗೆದುಕೊಡಲು ಹಿಂದೆಮುಂದೆ ನೋಡತೊಡಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಮಾತ್ರೆಯ ಮೇಲೆ ಬಿದ್ದ ಈ ಕಣ್ಣು ಸೂಜಿಮದ್ದಿನ ಮೇಲೆ ಇನ್ನೂ ಬಿದ್ದಂತಿಲ್ಲ. ಸಣ್ಣ ಕ್ಲಿನಿಕ್‌ಗಳಲ್ಲಿ ಜ್ವರಕ್ಕೆಂದು ಹಾಕುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಯಾವುದು, ಎಷ್ಟು ಪ್ರಮಾಣದ್ದು, ಎಷ್ಟು ಹೊತ್ತಿಗೆ ಹಾಕಿದ್ದು ಎಂಬುದು ಅನೇಕ ಬಾರಿ ರೋಗಿಯ ಕೈಗೆ ಬರುವ ಯಾವ ಕಾಗದದಲ್ಲೂ ಇರುವುದಿಲ್ಲ. ಬಹುಕಾಲ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿರುವ ನಾನು ಈ ವಿಷಯವನ್ನು ಜಿಲ್ಲೆಯ ವೈದ್ಯಾಧಿಕಾರಿಗಳ ಹಾಗೂ ಓದುಗರ ಗಮನಕ್ಕೆ ತರಬಯಸುತ್ತೇನೆ.

ಹೀಗೆ ಹೆಚ್ಚಾಗಿ ಬಳಕೆಯಾಗುವ ಔಷಧ ಸೆಫ್ಟ್ರಿಯಾಕ್ಸೋನ್. ಸೆಫಲೋಸ್ಪೋರಿನ್ ವರ್ಗದ ಈ ಔಷಧ ಬಳಕೆಗೆ ಬಂದು ನಾಲ್ಕು ದಶಕಗಳಾದವು. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯಲು 6ರಿಂದ 9 ಗಂಟೆ ಬೇಕಾಗುವುದರಿಂದ ಹೆಚ್ಚಿನ ರೋಗಗಳಿಗೆ ದಿನಕ್ಕೊಂದು ಸಲ ಹಾಕಿದರೆ ಸಾಕು. ಮಿದುಳುಪೊರೆಯ ಸೋಂಕು, ವಿಷಮಶೀತ ಜ್ವರ, ತೀವ್ರ ನ್ಯುಮೋನಿಯಾ, ಮಳೆಗಾಲದಲ್ಲಿ ತೋಟದ ಕೆಸರಿಗಿಳಿದು ದುಡಿಯುವವರಿಗೆ ತಗಲಿ ಉಲ್ಬಣಿಸಿದ ಇಲಿಜ್ವರ ಇವುಗಳಲ್ಲಿ ಈ ಔಷಧ ಪ್ರಾಣ ಉಳಿಸಿದ್ದನ್ನು ಹತ್ತಿರದಿಂದ ಕಂಡವಳು ನಾನು. ಆದ್ದರಿಂದ ಔಷಧದ ಬಗ್ಗೆ ನನಗೆ ತಕರಾರಿಲ್ಲ. ದಿನಕ್ಕೊಂದು ಸೂಜಿ ಹಾಕಿಸಿ ಮನೆಗೆ ಹೋಗಬಹುದೆಂಬ ಅನುಕೂಲವೇ ಇದನ್ನು ಅಗತ್ಯವಿಲ್ಲದ ಕಡೆಗೂ ಎಳೆದು ತಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದಾಗ ಸೆಫ್ಟ್ರಿಯಾಕ್ಸೋನ್ ಸೇರಿದ್ದು, ಬ್ಯಾಕ್ಟೀರಿಯಾಗಳು ಬೇಗನೆ ಪ್ರತಿರೋಧ ಬೆಳೆಸಿಕೊಳ್ಳುವ ಅಪಾಯವಿರುವುದರಿಂದ ನಿಗಾ ಇಟ್ಟು ಬಳಸಬೇಕಾದ ಗುಂಪಿಗೆ.

ತಪ್ಪೆಲ್ಲ ವೈದ್ಯರದೇ ಎಂದು ಹೇಳುವುದು ನ್ಯಾಯವಲ್ಲ. “ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೆ, ನಾಳೆ ಅಡಿಕೆ ಸುಲಿಯಲು ಜನ ಹೇಳಿ ಆಗಿದೆ” ಎಂಬ ಮಾತನ್ನು ಕೇಳದ ಕ್ಲಿನಿಕ್ ನಮ್ಮ ಕಡೆ ಇರಲಾರದು. ಸೂಜಿ ಹಾಕದ ವೈದ್ಯರಿಗೆ ಕೈಗುಣವಿಲ್ಲವೆಂದು ಮುಂದಿನ ಕ್ಲಿನಿಕ್ಕಿಗೆ ಹೋಗುವವರೂ ನಾವೇ. ಜ್ವರ ವೈರಸ್ಸಿನಿಂದ ಬಂದದ್ದಾದರೆ ಮಾತ್ರೆಯಾಗಲಿ ಸೂಜಿಯಾಗಲಿ ಯಾವ ಆ್ಯಂಟಿಬಯಾಟಿಕ್ಕೂ ಅದನ್ನು ಇಳಿಸುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ತಾನಾಗಿಯೇ ಇಳಿಯುವ ಜ್ವರದ ಕೀರ್ತಿ ಸೂಜಿಗೆ ಸಲ್ಲುತ್ತದೆ ಅಷ್ಟೆ. ಡೆಂಗಿ ಜ್ವರದಲ್ಲಂತೂ ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಇಳಿದಿರುವ ಸಾಧ್ಯತೆ ಇರುವುದರಿಂದ ಸ್ನಾಯುವಿಗೆ ಚುಚ್ಚಿದ ಜಾಗದಲ್ಲಿ ಒಳಗೇ ರಕ್ತ ಸೋರಿ ಹೆಪ್ಪುಗಟ್ಟಿ ಬಾವು ಬರಬಹುದು. ಜೂನ್ ತಿಂಗಳಿನಿಂದ ಡೆಂಗಿ ಮತ್ತು ಇಲಿಜ್ವರ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವ ನಮ್ಮಂತಹ ಜಿಲ್ಲೆಯಲ್ಲಿ ರಕ್ತ ಪರೀಕ್ಷೆಗೆ ಮುಂಚೆ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವುದು ಈ ಕಾರಣಕ್ಕೂ ಸರಿಯಲ್ಲ.

ಔಷಧವನ್ನು ಸಿದ್ಧಪಡಿಸುವಲ್ಲಿಯೂ ಎಚ್ಚರ ಬೇಕು. ಸೆಫ್ಟ್ರಿಯಾಕ್ಸೋನ್ ಸಣ್ಣ ಗಾಜಿನ ಬಾಟಲಿಯಲ್ಲಿ ಬಿಳಿ ಅಥವಾ ನಸುಹಳದಿ ಪುಡಿಯಾಗಿ ಬರುತ್ತದೆ. ರಕ್ತನಾಳಕ್ಕೆ ಕೊಡುವುದಾದರೆ ಒಂದು ಗ್ರಾಂ ಪುಡಿಯನ್ನು ಸುಮಾರು 10 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಕನಿಷ್ಠ 2ರಿಂದ 4 ನಿಮಿಷ ತೆಗೆದುಕೊಂಡು ನಿಧಾನವಾಗಿ ಒತ್ತಬೇಕು. ಸಾಲು ಉದ್ದವಿದೆಯೆಂದು ಒಂದೇ ಉಸಿರಿಗೆ ಒತ್ತುವಂತಿಲ್ಲ. ಸ್ನಾಯುವಿಗೆ ಕೊಡುವಾಗ ನೋವು ತಡೆಯಲು ಲಿಗ್ನೊಕೇನ್ ಬೆರೆಸುವ ಪದ್ಧತಿಯಿದೆ, ಹಾಗೆ ಬೆರೆಸಿದ್ದನ್ನು ಯಾವ ಕಾರಣಕ್ಕೂ ರಕ್ತನಾಳಕ್ಕೆ ಕೊಡಬಾರದು. ಹೃದಯದ ಬಡಿತ ಏರುಪೇರಾಗಬಹುದು, ಅಪಸ್ಮಾರ ಬರಬಹುದು. ಇನ್ನೊಂದು ಸಂಗತಿಯನ್ನು ಶುಶ್ರೂಷಕಿಯರೂ ಮರೆಯುವುದುಂಟು. ನಿತ್ರಾಣಕ್ಕೆಂದು ಹಾಕುವ ರಿಂಗರ್ ಲ್ಯಾಕ್ಟೇಟ್ ಲವಣದ್ರಾವಣ, ಅಂದರೆ ‘ಆರ್‌ಎಲ್’ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದೇ ನಳಿಕೆಯಲ್ಲಿ ಸೆಫ್ಟ್ರಿಯಾಕ್ಸೋನ್ ಸೇರಿದರೆ ಎರಡೂ ಕೂಡಿ ಕರಗದ ಕಣಗಳಾಗುತ್ತವೆ. ನವಜಾತ ಶಿಶುಗಳಲ್ಲಿ ಈ ಕಣಗಳು ಶ್ವಾಸಕೋಶ ಮತ್ತು ಮೂತ್ರಪಿಂಡಗಳಲ್ಲಿ ನಿಂತು ಸಾವು ಸಂಭವಿಸಿದ ವರದಿಗಳಿವೆ. ಆದ್ದರಿಂದ 28 ದಿನದೊಳಗಿನ ಮಗುವಿಗೆ ಕ್ಯಾಲ್ಸಿಯಂ ಇರುವ ದ್ರಾವಣ ಕೊಡುತ್ತಿದ್ದರೆ ಅಥವಾ ಕೊಡಬೇಕಾಗಿ ಬರಬಹುದಾದರೆ ಈ ಔಷಧವನ್ನು ಕೊಡುವಂತೆಯೇ ಇಲ್ಲ. ಕಾಮಾಲೆಯಿರುವ ನವಜಾತ ಶಿಶುವಿಗೂ ಇದು ನಿಷಿದ್ಧ. ದೊಡ್ಡವರಲ್ಲಿ ಒಂದನ್ನು ಮುಗಿಸಿ, ನಳಿಕೆಯನ್ನು ಚೆನ್ನಾಗಿ ತೊಳೆದು, ಆಮೇಲೆ ಇನ್ನೊಂದನ್ನು ಕೊಡಬಹುದು.

ಅಲರ್ಜಿಯ ಬಗ್ಗೆ ನಮ್ಮವರಿಗೆ ಒಂದು ಹುಸಿ ಧೈರ್ಯವಿದೆ. ಮೊದಲು ಮುಂಗೈಯಲ್ಲಿ ಒಂದು ಹನಿ ಚುಚ್ಚಿ ನೋಡಿ ಗುಳ್ಳೆ ಏಳದಿದ್ದರೆ ಮುಂದೆ ಏನೂ ಆಗದೆಂದು ನಂಬುತ್ತಾರೆ. ಆ ಪರೀಕ್ಷೆ ಯಾವ ಖಾತರಿಯನ್ನೂ ಕೊಡುವುದಿಲ್ಲ. ಪೂರ್ಣ ಡೋಸ್ ಹೋದ ಕೆಲವೇ ನಿಮಿಷಗಳಲ್ಲಿ ಮೈ ತುರಿಸಿ ಗಂದೆ ಏಳುವುದು, ತುಟಿ ಮುಖ ಊದುವುದು, ಸ್ವರ ಒಡೆಯುವುದು, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬರುವುದು ಇವು ಕಾಣಿಸಿದರೆ ಆಗಬೇಕಾದ ಮೊದಲ ಕೆಲಸ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಕೊಡುವುದು. ವಯಸ್ಕರಿಗೆ ಅದು ಅರ್ಧ ಮಿಲಿಗ್ರಾಂ. ಅಲರ್ಜಿಗೆಂದು ಬಳಸುವ ಅವಿಲ್, ಹೈಡ್ರೊಕಾರ್ಟಿಸೋನ್ ಹಾಕಿ ಏನಾಗುತ್ತದೆಂದು ಕಾಯುತ್ತಾ ಕುಳಿತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಅಡ್ರಿನಲಿನ್, ಆಮ್ಲಜನಕ ಮತ್ತು ಇವನ್ನು ಬಳಸಬಲ್ಲವರು ಇಲ್ಲದ ಜಾಗದಲ್ಲಿ ಆ್ಯಂಟಿಬಯಾಟಿಕ್ ಸೂಜಿ ಹಾಕಿಸಿಕೊಳ್ಳಲೇಬಾರದು, ಹಾಕಿಸಿಕೊಂಡ ಮೇಲೆ ಅರ್ಧ ಗಂಟೆಯಾದರೂ ಅಲ್ಲಿಯೇ ಕುಳಿತಿರಬೇಕು. ಬಸ್ಸು ತಪ್ಪುತ್ತದೆಂದು ಎದ್ದು ಹೊರಡುವವರನ್ನು ತಡೆದು ಬೈಸಿಕೊಂಡದ್ದು ನನಗೆ ಹೊಸತಲ್ಲ.

ಗಡಿನಾಡಿನಲ್ಲಿ ಬರಹದ ದಾಖಲೆಯ ಅಗತ್ಯ ಇಮ್ಮಡಿಯಾಗುತ್ತದೆ. ನಮ್ಮಲ್ಲಿ ಕಾಯಿಲೆ ಬಿಗಡಾಯಿಸಿದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ವಾಡಿಕೆ. ಅಲ್ಲಿನ ವೈದ್ಯರು ರೋಗಾಣು ಯಾವುದೆಂದು ತಿಳಿಯಲು ರಕ್ತದ ಕಲ್ಚರ್ ಪರೀಕ್ಷೆಗೆ ಕಳುಹಿಸುತ್ತಾರೆ. ಆ ರಕ್ತವನ್ನು ಆ್ಯಂಟಿಬಯಾಟಿಕ್ ಹಾಕುವ ಮೊದಲೇ ತೆಗೆಯಬೇಕು. ಇಲ್ಲಿ ಒಂದೆರಡು ಸೂಜಿ ಆಗಿಹೋಗಿದ್ದರೆ ಪರೀಕ್ಷೆಯಲ್ಲಿ ರೋಗಾಣು ಬೆಳೆಯದಿರಬಹುದು, ಸೂಜಿ ಆದದ್ದೇ ಗೊತ್ತಿಲ್ಲದಿದ್ದರೆ ವೈದ್ಯರು ಸೋಂಕೇ ಇಲ್ಲವೆಂದು ತಿಳಿಯಲೂಬಹುದು. ನನ್ನ ಸಂಬಂಧಿಕರೊಬ್ಬರಿಗೆ ಹೀಗೆಯೇ ಆಯಿತು. “ಯಾವ ಇಂಜೆಕ್ಷನ್ ಹಾಕಿದ್ದಾರೆ ಅಜ್ಜಾ?” ಎಂದು ಅಲ್ಲಿನ ವೈದ್ಯೆ ಕೇಳಿದರೆ, “ಬೆಳ್ಳಗಿನ ಪುಡಿ ನೀರಿಗೆ ಹಾಕಿ ಕಲಕಿದರಮ್ಮ, ಎರಡು ದಿನ” ಎಂಬುದಷ್ಟೇ ಅವರು ಹೇಳಬಲ್ಲ ಉತ್ತರವಾಗಿತ್ತು. ಕೈಯಲ್ಲಿದ್ದ ಚೀಟಿಯಲ್ಲಿ ಪ್ಯಾರಾಸಿಟಮಾಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಹಿಂದೆ ಯಾವ ಔಷಧಕ್ಕೆ ಮೈಮೇಲೆ ಗಂದೆ ಎದ್ದಿತ್ತು ಎಂಬುದು ತಿಳಿಯುವುದಕ್ಕೂ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಿನ್ನುವವರಲ್ಲಿ ಸೆಫ್ಟ್ರಿಯಾಕ್ಸೋನ್ ಸೂಜಿಯಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದೆಂದು ಎಚ್ಚರ ವಹಿಸುವುದಕ್ಕೂ ಇದೇ ದಾಖಲೆ ಬೇಕು.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್1 ಅನುಸೂಚಿಯಲ್ಲಿ ಸೆಫ್ಟ್ರಿಯಾಕ್ಸೋನ್ ಇದೆ. ಚೀಟಿ ಬರೆದ ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಹೆಸರು, ಪ್ರಮಾಣ ಇವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆದರೆ ಆ ಪುಸ್ತಕ ಇರುವುದು ಅಂಗಡಿಯಲ್ಲಿ. ಕ್ಲಿನಿಕ್ಕಿನಲ್ಲಿಯೇ ಬಾಟಲಿ ತೆಗೆದು ಹಾಕಿದ ಸೂಜಿಯ ವಿವರ ರೋಗಿಯ ಕೈ ಸೇರುವ ಬಗೆ ಯಾವುದು?

ಹಿರಿಯರಿಗೆ ಮೂತ್ರದ ಸೋಂಕಿಗೆಂದು ಹಾಕುವ ಅಮಿಕಾಸಿನ್, ಜೆಂಟಾಮೈಸಿನ್ ಸೂಜಿಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು, ಕಿವಿಯ ಶ್ರವಣಶಕ್ತಿಯನ್ನು ಮರಳಿ ಬಾರದಂತೆ ಕೆಡಿಸಬಲ್ಲವು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ ಪ್ರಮಾಣ ನಿಗದಿ ಮಾಡಬೇಕಾದ ಔಷಧಗಳಿವು. ಮಂಡಿನೋವಿಗೆ ಡೈಕ್ಲೊಫೆನಾಕ್ ಕೂಡ ಜೊತೆಗೇ ನಡೆಯುತ್ತಿದ್ದರೆ ಮೂತ್ರಪಿಂಡದ ಮೇಲಿನ ಹೊರೆ ಮತ್ತಷ್ಟು ಹೆಚ್ಚುತ್ತದೆ. ದಿನವೂ ಚುಚ್ಚುವ ತೊಂದರೆ ಬೇಡವೆಂದು ಕೈಯ ರಕ್ತನಾಳಕ್ಕೆ ಸೇರಿಸಿದ ಸಣ್ಣ ನಳಿಕೆಯನ್ನು, ಅಂದರೆ ಕ್ಯಾನ್ಯುಲಾವನ್ನು, ಹಾಗೆಯೇ ಬಿಟ್ಟುಕೊಂಡು, ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಹಟ್ಟಿಯ ಕೆಲಸವನ್ನೂ ಮಾಡಿ ಮರುದಿನ ಬರುವವರಿದ್ದಾರೆ. ಆ ದಾರಿಯಿಂದಲೇ ಹೊಸ ಸೋಂಕು ರಕ್ತಕ್ಕೆ ಇಳಿಯಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಜಿಲ್ಲೆಯ ಎಲ್ಲ ಸರಕಾರಿ ಮತ್ತು ಖಾಸಗಿ ಚಿಕಿತ್ಸಾಲಯಗಳಲ್ಲಿ ಆ್ಯಂಟಿಬಯಾಟಿಕ್ ಸೂಜಿ ಹಾಕಿದಾಗ ಅದರ ಹೆಸರು, ಪ್ರಮಾಣ, ಸ್ನಾಯುವಿಗೋ ರಕ್ತನಾಳಕ್ಕೋ ಎಂಬುದು, ದಿನಾಂಕ ಮತ್ತು ಹೊತ್ತು ಇವನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿ ರೋಗಿಯ ಕೈಗೆ ಕೊಡುವುದನ್ನು ಕಡ್ಡಾಯಗೊಳಿಸಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಅಲರ್ಜಿಯ ಲಕ್ಷಣಗಳ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕು. ಸೂಜಿ ಹಾಕುವ ಕೋಣೆಯಲ್ಲಿ ಅವಧಿ ಮೀರದ ಅಡ್ರಿನಲಿನ್ ಇದೆಯೇ ಎಂಬುದನ್ನು ತಪಾಸಣೆಗೆ ಬರುವವರು ಕಣ್ಣಾರೆ ನೋಡಬೇಕು. ಚಿಕಿತ್ಸಾಲಯಗಳ ನೋಂದಣಿ ಮತ್ತು ನಿಯಂತ್ರಣಕ್ಕಾಗಿ ಕೇರಳದಲ್ಲಿ 2018ರ ಕಾಯ್ದೆಯೇ ಇರುವಾಗ ಇದಕ್ಕೆ ಹೊಸ ಕಾನೂನಿನ ಅಗತ್ಯ ಬೀಳಲಾರದು. ಈ ಬಗ್ಗೆ ಸಂಬಂಧಪಟ್ಟ ವೈದ್ಯಾಧಿಕಾರಿಗಳು ಮಳೆಗಾಲಕ್ಕೆ ಮುಂಚೆ ಯಾವ ಕ್ರಮ ಕೈಗೊಳ್ಳುವರೆಂಬುದನ್ನು ತಮ್ಮ ಪತ್ರಿಕೆಯ ಮೂಲಕವೇ ತಿಳಿಸಬೇಕೆಂದು ವಿನಂತಿ.

ಇತಿ,
ನಿವೃತ್ತ ಶುಶ್ರೂಷಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ