ಮಗಳಿಗೊಂದು ಪತ್ರ: ಕೇಳಿದ್ದು ನಿನ್ನಲ್ಲೇ ಇರಲಿ

ಪುಟ್ಟಿ,

ನಿನ್ನ ರಾಜೀನಾಮೆ ಒಪ್ಪಿಕೊಂಡರಂತೆ, ನಿನ್ನೆ ರಾತ್ರಿ ಅಮ್ಮ ಹೇಳಿದಳು. ಈ ತಿಂಗಳ ಕೊನೆಗೆ ಸಂಬಳ ನಿಲ್ಲುತ್ತದೆ, ಆಮೇಲೆ ನೀನು ಲೀಡರ್‌ಶಿಪ್ ಕೋಚ್, ಅಂದರೆ ಕಂಪನಿಗಳ ದೊಡ್ಡ ಹುದ್ದೆಯವರ ಎದುರು ಕೂತು, ಕೇಳಿ, ಅವರಿಗೆ ದಾರಿ ಕಾಣುವ ಹಾಗೆ ಮಾಡುವವಳು. ಅನುಭವ ಇರುವವರಿಗೆ ನೀನೇನು ಹೇಳಿಕೊಡ್ತೀಯ ಅಂತ ಹಬ್ಬದ ದಿನ ನಾನು ಕೇಳಿ ಜಗಳವಾದದ್ದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಎತ್ತುವುದಿಲ್ಲ. ನನ್ನ ದನಿ ಜೋರಾಗಿತ್ತು, ಅದಕ್ಕೆ ಬೇಜಾರಿದೆ. ಆದರೆ ಮನಸ್ಸಿನಲ್ಲಿದ್ದ ನಿಜವಾದ ಹೆದರಿಕೆ ಅವತ್ತು ಬಾಯಿಗೆ ಬರಲೇ ಇಲ್ಲ. ಅದಕ್ಕೇ ಈ ಕಾಗದ.

ನೀನು ಅವತ್ತು ಹೇಳಿದ, ಅಮೆರಿಕದ ದೊಡ್ಡ ಕಂಪನಿಗಳ ಮುಖ್ಯಸ್ಥರಿಗೆ ಕೋಚ್ ಆಗಿದ್ದ ಬಿಲ್ ಕ್ಯಾಂಪ್‌ಬೆಲ್ ಬಗ್ಗೆ ಆಮೇಲೆ ಕೂತು ಓದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ 1974ರಿಂದ 1979ರವರೆಗೆ ಕೋಚ್. ಗೆದ್ದದ್ದು 12 ಪಂದ್ಯ, ಸೋತದ್ದು 41. ನಲವತ್ತರ ಹತ್ತಿರ ಆಟ ಬಿಟ್ಟು ಜಾಹೀರಾತು ಕಂಪನಿ ಸೇರಿದರು. ಆಮೇಲೆ ಕೊಡಾಕ್, 1983ರಲ್ಲಿ ಆ್ಯಪಲ್, ಮುಂದೆ ಇಂಟ್ಯೂಟ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಸಿಇಒ. ಅಂಥವರ ಮಾತನ್ನು ಸ್ಟೀವ್ ಜಾಬ್ಸ್ ಕೇಳುತ್ತಿದ್ದರು, ಗೂಗಲ್‌ನ ಎರಿಕ್ ಶ್ಮಿಟ್ ಕೇಳುತ್ತಿದ್ದರು. ಕೋಚ್ ಇಟ್ಟುಕೊಳ್ಳಿ ಅಂದಾಗ ಶ್ಮಿಟ್‌ಗೆ ಮೊದಲು ಸಿಟ್ಟೇ ಬಂದಿತ್ತಂತೆ. ಇಷ್ಟು ಅನುಭವ ಇರುವವನಿಗೆ ಇನ್ನೊಬ್ಬರು ಏನು ಹೇಳಿಕೊಡೋದು ಅಂತ. ಮುಂದೆ ಅವರೇ, ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದು ಅಂದರು. ಹಬ್ಬದ ದಿನ ನಾನು ನಿನ್ನನ್ನು ಕೇಳಿದ್ದೂ ಹೆಚ್ಚುಕಮ್ಮಿ ಅದೇ ಅಲ್ವಾ?

ಆ ಮನುಷ್ಯ ನನಗೆ ಹಿಡಿಸಿದರು. ಕೆಲಸದ ಮಾತು ಆಮೇಲೆ, ಮೊದಲು ಮನೆ ಮಂದಿ ಹೇಗಿದ್ದಾರೆ ಅಂತ ಕೇಳುತ್ತಿದ್ದರಂತೆ. ಈ ಕೆಲಸಕ್ಕೆ ದುಡ್ಡು ಬೇಡ ಅನ್ನುತ್ತಿದ್ದರಂತೆ. ಅಲ್ಲಿಗೆ ಬಂದಾಗ ಓದೋದು ನಿಲ್ಲಿಸಿದೆ. ಅವರು ಬೇಕಾದಷ್ಟು ಗಳಿಸಿ ಆಗಿತ್ತು, ಬೇಡ ಅನ್ನಬಹುದಿತ್ತು. ನಿನಗೆ ಮನೆ ಸಾಲದ ಕಂತು ಇದೆ. ನಿನ್ನ ಫೀಸು ಕೊಡೋದು ಕಂಪನಿ. ನಿನ್ನೆದುರು ಕೂತು ಮನಸ್ಸು ಬಿಚ್ಚಿ ಮಾತಾಡೋದು ಬೇರೆಯವರು. ನನ್ನ ಹೆದರಿಕೆ ಇಲ್ಲಿದೆ.

ಬ್ಯಾಂಕಿನಲ್ಲಿ ನನಗೆ ಸಿಂಧನೂರಿಗೆ ವರ್ಗವಾದದ್ದು ನಿನಗೆ ನೆನಪಿದೆ. ಎಂಟನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟದ್ದು, ಆ ಬಿಸಿಲು, ಅದೆಲ್ಲ ಈಗ ಬೇಡ. ಯಾಕೆ ವರ್ಗವಾಯಿತು ಅಂತ ಮಾತ್ರ ನಿನಗೆ ಗೊತ್ತಿಲ್ಲ.

ನಮ್ಮ ಮ್ಯಾನೇಜರು ಒಂದು ಅಕ್ಕಿ ಗಿರಣಿಯ ಸಾಲದ ಫೈಲಿಗೆ ಸಹಿ ಹಾಕು ಅಂತ ದಿನಾ ಒತ್ತಾಯ ಮಾಡುತ್ತಿದ್ದರು. ಕಾಗದದಲ್ಲಿದ್ದ ದಾಸ್ತಾನನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಆಗ ಮೇಲಿನ ಆಫೀಸಿನಿಂದ ಇನ್‌ಸ್ಪೆಕ್ಷನ್‌ಗೆ ಒಬ್ಬ ಹಿರಿಯ ಅಧಿಕಾರಿ ಬಂದರು. ಮೆತ್ತಗಿನ ಮಾತು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಹಿಂದಿನ ವರಾಂಡದಲ್ಲಿ ಟೀ ತರಿಸಿದರು. ಗ್ಲಾಸು ಸುಡುತ್ತಿತ್ತು, ಕರ್ಚೀಫು ಸುತ್ತಿ ಹಿಡಿದುಕೊಂಡು ಕೂತರು. "ನಿಮ್ಮ ಮುಖ ನೋಡಿದರೆ ಏನೋ ಇದೆ. ಹೇಳಿ, ನನ್ನ ಹತ್ತಿರವೇ ಇರುತ್ತದೆ" ಅಂದರು. ನಿಮ್ಮಮ್ಮನಿಗೂ ಹೇಳದ್ದನ್ನು ಅವರಿಗೆ ಹೇಳಿದೆ. "ರಾತ್ರಿ ನಿದ್ದೆ ಬರೋದಿಲ್ಲ ಸಾರ್, ಆ ಫೈಲು ಕಂಡರೆ ಕೈ ನಡುಗುತ್ತದೆ" ಅಂದೆ.

ಹದಿನೈದು ದಿನ ಆಗಿರಲಿಲ್ಲ. ಮ್ಯಾನೇಜರು ಹಾಲ್‌ನಲ್ಲಿ, ಗ್ರಾಹಕರೆಲ್ಲ ನಿಂತಿದ್ದಾಗ, "ಏನ್ರೀ, ಫೈಲು ಕಂಡರೆ ಕೈ ನಡುಗುತ್ತಂತೆ?" ಅಂದರು. ನನ್ನದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಕ್ಯಾಷಿಯರ್ ನೋಟು ಎಣಿಸೋದು ನಿಲ್ಲಿಸಿ ನನ್ನ ಕೈ ನೋಡಿದ. ಮುಂದಿನ ತಿಂಗಳು ವರ್ಗದ ಆದೇಶ ಬಂತು.

ವರ್ಗಕ್ಕೆ ನಾನು ಅಷ್ಟು ನೊಂದುಕೊಳ್ಳಲಿಲ್ಲ. ಟೀ ತರಿಸಿದ ಆ ಅಧಿಕಾರಿ ಎಷ್ಟು ಚೆನ್ನಾಗಿ ಕೇಳಿಸಿಕೊಂಡರು ಅನ್ನೋದೇ ಇವತ್ತಿಗೂ ಚುಚ್ಚುತ್ತದೆ. ಮಧ್ಯೆ ಬಾಯಿ ಹಾಕಲಿಲ್ಲ, ಗಡಿಯಾರ ನೋಡಲಿಲ್ಲ. ರೇಸ್ ಕಾರ್ ಓಡಿಸುತ್ತಿದ್ದು ಆಮೇಲೆ ಕೋಚಿಂಗ್‌ಗೆ ಬಂದ ಜಾನ್ ವಿಟ್‌ಮೋರ್ ಹೆಸರಿನಲ್ಲಿ ನೀನು ನಾಲ್ಕು ಹೆಜ್ಜೆ ವಿವರಿಸಿದೆಯಲ್ಲ, ಗುರಿ ಏನು, ಈಗ ಏನಾಗಿದೆ, ಯಾವ ದಾರಿಗಳಿವೆ, ಏನು ಮಾಡುತ್ತೀರಿ ಅಂತ? ಆ ಅಧಿಕಾರಿ ನನ್ನನ್ನು ಕೇಳಿದ್ದೂ ಸುಮಾರು ಹಾಗೇ. ಕೇಳುವ ಕಲೆಯಲ್ಲಿ ಅವರಿಗೆ ನೂರಕ್ಕೆ ನೂರು ಕೊಡಬಹುದಿತ್ತು. ಬ್ಯಾಂಕಿಗೆ ಸೇರುವಾಗ ನಾವೆಲ್ಲ ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಗೆ ಸಹಿ ಹಾಕಿದ್ದೆವು. ಗ್ರಾಹಕನ ಖಾತೆಯಲ್ಲಿ ಎಷ್ಟಿದೆ ಅಂತ ಅವನ ಮಗ ಬಂದು ಕೇಳಿದರೂ ಹೇಳುವ ಹಾಗಿಲ್ಲ. ಪಕ್ಕದ ಕುರ್ಚಿಯವನ ಸಂಕಟದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಕೆಲಸ ಒಪ್ಪುವ ಮೊದಲೇ ಕಂಪನಿ, ಆ ವ್ಯಕ್ತಿ, ನೀನು, ಮೂವರೂ ಕೂತು ಬರೆದುಕೊಳ್ಳಿ. ಏನನ್ನು ಕಂಪನಿಗೆ ಹೇಳುತ್ತೀಯ, ಏನನ್ನು ಹೇಳುವುದಿಲ್ಲ, ಕಾನೂನಿಗಾಗಿ ಅಥವಾ ಜೀವಕ್ಕೆ ಅಪಾಯವಾದಾಗ ಎಲ್ಲಿ ಬಾಯಿ ಬಿಡಬೇಕಾಗುತ್ತದೆ, ಎಲ್ಲ. ಎಷ್ಟು ಸಲ ಭೇಟಿಯಾದಿರಿ, ಒಪ್ಪಿಕೊಂಡ ಗುರಿ ಏನು, ಅಷ್ಟು ಹೇಳು, ಸಾಕು. ಎಚ್‌ಆರ್‌ನವರು ಕ್ಯಾಂಟೀನ್‌ನಲ್ಲಿ ಸಿಕ್ಕಿ "ಮತ್ತೇನಂತೆ ಅವರು?" ಅಂತ ನಗುತ್ತಾ ಕೇಳುತ್ತಾರೆ. ಸುಮ್ನೆ ನಗಬೇಡ, ಹೇಳೋದಿಲ್ಲ ಅಂತ ಹೇಳು. ಯಾರನ್ನಾದರೂ ತೆಗೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿ, ಕೋಚಿಂಗ್ ಕೊಡಿಸಿದೆವು ಅಂತ ಫೈಲಿಗೆ ಸೇರಿಸಲು ನಿನ್ನನ್ನು ಕರೆಯುವವರೂ ಇರುತ್ತಾರೆ. ಅಂಥ ಕೆಲಸ ಬೇಡ. ಕಂತು ಕಟ್ಟೋದು ಕಷ್ಟವಾದರೆ ನನ್ನ ಎಫ್‌ಡಿ ಇದೆ, ಅಮ್ಮನೂ ಒಪ್ಪಿದ್ದಾಳೆ. ಇನ್ನೊಂದು, ತಿಂಗಳುಗಟ್ಟಲೆ ನಿದ್ದೆಯಿಲ್ಲ, ಬದುಕೋದೇ ಬೇಡ ಅನ್ನುವವರು ಎದುರು ಕೂತರೆ ಅದು ನಿನ್ನ ಕೆಲಸವಲ್ಲ. ನಿಮ್ಹಾನ್ಸ್ ನಿನ್ನ ಊರಲ್ಲೇ ಇದೆ, ಡಾಕ್ಟರ ಹತ್ತಿರ ಕಳಿಸು. ನೋಡು, ಬರೆಯಲು ಕೂತರೆ ಇಷ್ಟುದ್ದ ಆಗುತ್ತದೆ.

ಕೋಚ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಪಿಸಿಸಿ ಅನ್ನುವ ಮಾನ್ಯತೆಗೆ 125 ಗಂಟೆ ತರಬೇತಿ, 500 ಗಂಟೆ ಕೋಚಿಂಗ್ ಬೇಕು ಅಂತ ಓದಿದೆ. ಕಂಪನಿ ಕೆಲಸದ ಜೊತೆಗೆ ಶನಿವಾರ ಭಾನುವಾರ ಕೂತು ನೀನು ತರಬೇತಿ ಮುಗಿಸಿದ್ದು ನನಗೆ ಗೊತ್ತೇ ಇರಲಿಲ್ಲ, ಅಮ್ಮ ಹೇಳಿದಳು. ಕೇಳಿ ಎದೆ ತುಂಬಿತು. ನಿನ್ನ ಹತ್ತಿರ ಮಾತಾಡಿದವರಿಗೆ ಹಗುರಾಗುತ್ತದೆ, ಅದು ಚಿಕ್ಕಂದಿನಿಂದಲೂ ಇದೆ. ನಿಮ್ಮ ಅತ್ತೆ ಮೂರು ವರ್ಷ ಯಾರ ಜೊತೆಗೂ ಮಾತಾಡದೆ ಇದ್ದಾಗ ನಿನ್ನ ಹತ್ತಿರ ಏನು ಹೇಳಿಕೊಂಡಳೋ, ಇವತ್ತಿನವರೆಗೂ ನೀನು ಬಾಯಿ ಬಿಟ್ಟಿಲ್ಲ. ನಾನು ಎಷ್ಟು ಕೆಣಕಿ ಕೇಳಿದ್ದೆ! ಆಗ ಸಿಟ್ಟು ಬಂದಿತ್ತು.

ಮೊದಲ ಕಂಪನಿಯ ಒಪ್ಪಂದದ ಕರಡು ಸಿದ್ಧವಾದಾಗ ನನಗೊಂದು ಪ್ರತಿ ಕಳಿಸು. ಸಾಲದ ಕಾಗದ ಓದಿದ ಕಣ್ಣು, ಎಲ್ಲಿ ತೂತಿದೆ ಅಂತ ಹೇಳುತ್ತೇನೆ. ಕಂಪನಿಯ ಹೆಸರು, ಆ ವ್ಯಕ್ತಿಯ ಹೆಸರು, ಎರಡನ್ನೂ ಅಳಿಸಿಯೇ ಕಳಿಸು.

ಇಂತಿ,
ನಿನ್ನ ಅಪ್ಪ